ಮನೆ ತೋಟಕ್ಕೆ ಚಿಕ್ಕ ಬಿಳಿ ಪೊದೆ ಗುಲಾಬಿ: ಪದೇ ಪದೇ ಕೇಳೋ ಪ್ರಶ್ನೆಗಳು

ಬಿಳಿ ಗುಲಾಬಿ ಬೇಕು, ತುಂಬಾ ಎತ್ತರ ಹೋಗ್ಬಾರ್ದು, ವಾರವಾರ ಔಷಧಿ ಹೊಡೀತಾ ಕೂರೋಕಾಗಲ್ಲ, ಹೂವು ಮಾತ್ರ ಬರ್ತಾ ಇರ್ಬೇಕು ಅನ್ನೋರು ಸಾಮಾನ್ಯವಾಗಿ ಕೇಳೋದನ್ನೆಲ್ಲ ಇಲ್ಲಿ ಒಂದೇ ಕಡೆ ಹಾಕಿದೀನಿ. ಉದ್ದ ಇದೆ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ ಓದ್ಕೊಳ್ಳಿ. ಆದ್ರೆ ಗಿಡ ಇನ್ನೂ ತಂದಿಲ್ಲ ಅಂದ್ರೆ ತಳಿ ಮತ್ತೆ ಜಾಗದ ಬಗ್ಗೆ ಇರೋದನ್ನ ಮಾತ್ರ ಬಿಡ್ಬೇಡಿ, ಮುಂದೆ ಬರೋ ಅರ್ಧ ತೊಂದರೆ ಅಲ್ಲೇ ತೀರ್ಮಾನ ಆಗ್ಬಿಟ್ಟಿರತ್ತೆ.

ಪೊದೆ ಗುಲಾಬಿ ಅಂದ್ರೆ ಯಾವ್ದು, ಮಾಮೂಲಿ ಗುಲಾಬಿಗೂ ಇದಕ್ಕೂ ಏನು ವ್ಯತ್ಯಾಸ?

ಹೂವಿನ ಅಂಗಡೀಲಿ ನೋಡ್ತೀವಲ್ಲ, ಉದ್ದ ಕಡ್ಡಿ, ತುದೀಲಿ ಒಂದೇ ಒಂದು ದೊಡ್ಡ ಹೂವು, ಅದು ಹೈಬ್ರಿಡ್ ಟೀ. ಹೂವು ಚೆಂದ, ಗಿಡ ನೋಡೋಕೆ ಅಷ್ಟಕ್ಕಷ್ಟೇ, ಕೆಳಗಡೆ ಬರೀ ಕಡ್ಡಿ ಕಾಣ್ತಿರತ್ತೆ. ಪೊದೆ ಗುಲಾಬಿ ಬುಡದಿಂದಲೇ ಹತ್ತಾರು ಕೊಂಬೆ ಒಡೆದು ದುಂಡಗೆ ತುಂಬ್ಕೊಳ್ಳತ್ತೆ, ಹೂವು ಸ್ವಲ್ಪ ಚಿಕ್ಕದು ಆದ್ರೆ ಗೊಂಚಲು ಗೊಂಚಲಾಗಿ ಬರತ್ತೆ. ಕಾಂಪ್ಯಾಕ್ಟ್ ಅಂತ ಲೇಬಲ್ ಇದ್ರೆ ಸಾಧಾರಣವಾಗಿ ಒಂದೂವರೆ ಅಡಿಯಿಂದ ಮೂರಡಿ ಎತ್ತರ ಅಂದ್ಕೊಳ್ಳಿ, ಅಗಲಾನೂ ಹೆಚ್ಚುಕಮ್ಮಿ ಅಷ್ಟೇ, ಕೆಲವು ತಳಿ ಎತ್ತರಕ್ಕಿಂತ ಅಗಲವೇ ಜಾಸ್ತಿ ಹೋಗತ್ತೆ.

ಲೋ ಮೇಂಟೆನೆನ್ಸ್ ಅಂದ್ರೆ ನೆಟ್ಟು ಮರೆತುಬಿಡಬಹುದಾ?

ಇಲ್ಲ. ಮೊದಲನೇ ವರ್ಷ ಅಂತೂ ಖಂಡಿತ ಇಲ್ಲ, ಬೇರು ಕೆಳಗೆ ಇಳಿಯೋವರೆಗೆ ನೀರು ನೀವೇ ನೋಡ್ಕೋಬೇಕು. ಆಮೇಲೆ ವರ್ಷಕ್ಕೊಂದ್ಸಲ ಸರಿಯಾಗಿ ಕತ್ತರಿಸೋದು, ಒಂದೆರಡು ಸಲ ಗೊಬ್ಬರ, ಬುಡಕ್ಕೆ ಎಲೆಗಿಲೆ ಹೊದಿಕೆ, ಬೇಸಿಗೇಲಿ ನೀರು, ಇಷ್ಟೇ. ನಿಜ ಹೇಳ್ಬೇಕಂದ್ರೆ ಈ ಜಾತಿ ಗುಲಾಬಿ ನಿರ್ಲಕ್ಷ್ಯದಿಂದ ಸಾಯೋದಕ್ಕಿಂತ ಅತಿ ಕಾಳಜಿಯಿಂದ ಸಾಯೋದೇ ಜಾಸ್ತಿ. ದಿನಾ ಸ್ವಲ್ಪ ಸ್ವಲ್ಪ ನೀರು, ಹದಿನೈದು ದಿನಕ್ಕೊಂದು ಹೊಸ ಗೊಬ್ಬರ, ಒಂದು ಎಲೆ ಹಳದಿ ಆದ ಕೂಡ್ಲೇ ಮೂರು ಥರ ಸ್ಪ್ರೇ, ಇದೆಲ್ಲ ಮಾಡಿದ್ರೆ ಎಂಥಾ ಗಟ್ಟಿ ಗಿಡಾನೂ ಸೋಲತ್ತೆ.

ಯಾವ ತಳಿ ತಗೊಳ್ಳಲಿ?

ಜನ ಮೊದಲು ಹೇಳೋ ಹೆಸರು ಐಸ್‌ಬರ್ಗ್. ಜರ್ಮನಿಯ ಕಾರ್ಡೆಸ್ ನರ್ಸರಿಯವರು 1958ರಲ್ಲಿ ಬಿಟ್ಟಿದ್ದು, ಕೆಲವು ಕಡೆ ಷ್ನೀವಿಟ್‌ಷೆನ್ ಅಂತಾನೋ ಫೇ ದೆ ನೇಜ್ ಅಂತಾನೋ ಲೇಬಲ್ ಇರತ್ತೆ, ಎಲ್ಲ ಒಂದೇ ಗಿಡ. 1983ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟ ಇದನ್ನ ಹಾಲ್ ಆಫ್ ಫೇಮ್‌ಗೆ ಸೇರಿಸ್ತು. ಲೆಕ್ಕದ ಪ್ರಕಾರ ಇದು ಫ್ಲೋರಿಬಂಡಾ, ಅಂದ್ರೆ ಗೊಂಚಲಲ್ಲಿ ಹೂವು ಬಿಡೋ ಗುಂಪಿನದು, ಆದ್ರೆ ಬೆಳೆಯೋ ರೀತಿ ಪೊದೆಯದ್ದೇ, ಮುಳ್ಳು ಕಮ್ಮಿ, ಹೂವು ಬಿಡೋದ್ರಲ್ಲಿ ಇದನ್ನ ಮೀರಿಸೋದು ಕಷ್ಟ. ಸಮಸ್ಯೆ ಏನಂದ್ರೆ ತೇವ ಜಾಸ್ತಿ ಇರೋ ಹವೇಲಿ ಕಪ್ಪು ಚುಕ್ಕೆ ರೋಗ ಇದಕ್ಕೆ ಸುಲಭವಾಗಿ ಬರತ್ತೆ. ಒಣ ಹವೆ, ಒಳ್ಳೆ ಬಿಸಿಲು ಇದ್ರೆ ಕಣ್ಮುಚ್ಚಿ ತಗೊಳ್ಳಿ, ಸದಾ ಮಳೆ ಮಂಜು ಇರೋ ಜಾಗ ಆದ್ರೆ ಇದನ್ನ ಲೋ ಮೇಂಟೆನೆನ್ಸ್ ಅಂತ ನಾನಂತೂ ಹೇಳಲ್ಲ, ಯಾರು ಎಷ್ಟೇ ಹೊಗಳಲಿ. ಇನ್ನೊಂದು, ಕತ್ತರಿಸದೆ ಬಿಟ್ರೆ ಇದು ನಾಲ್ಕೈದು ಅಡಿ ಹೋಗತ್ತೆ. ಕ್ಲೈಂಬಿಂಗ್ ಐಸ್‌ಬರ್ಗ್ ಅಂತ ಬೇರೆ ಇದೆ, ಅದು ಬಳ್ಳಿ ಥರ ಹಬ್ಬೋದು, ತರುವಾಗ ಗೊಂದಲ ಮಾಡ್ಕೋಬೇಡಿ.

ನಿಜವಾಗ್ಲೂ ಚಿಕ್ಕದು ಬೇಕು ಅಂದ್ರೆ ವೈಟ್ ಡ್ರಿಫ್ಟ್ ನೋಡಿ. ಡ್ರಿಫ್ಟ್ ಸರಣಿ ಬಂದಿದ್ದೇ ನೆಲಕ್ಕೆ ಹರಡೋ ಗುಲಾಬಿ ಮತ್ತೆ ಮಿನಿಯೇಚರ್ ಗುಲಾಬಿ ಎರಡನ್ನೂ ಕೂಡಿಸಿ, ಹಂಗಾಗಿ ಎತ್ತರ ಒಂದೂವರೆ ಅಡಿ ಆಸುಪಾಸು, ಅಗಲ ಎರಡು ಎರಡೂವರೆ ಅಡಿ. ಹೂವು ಚಿಕ್ಕದು, ಎಸಳು ತುಂಬಾ. ಫ್ರಾನ್ಸಿನ ಮೇಯಾಂ ಮನೆತನದ ತಳಿ ಅದು, ಅದೇ ಮನೆತನದ ಐಸ್‌ಕ್ಯಾಪ್ ಅನ್ನೋದೂ ಇದೆ, ಅದೂ ಒತ್ತಾಗಿ ದುಂಡಗೆ ಬೆಳೆಯೋ ಬಿಳಿ ಪೊದೆ. ಜರ್ಮನಿಯ ನೋಆಕ್‌ನವರ ಫ್ಲವರ್ ಕಾರ್ಪೆಟ್ ವೈಟ್ ಇಳಿಜಾರಿಗೆ, ಅಂಚಿಗೆ ಚೆನ್ನಾಗಿರತ್ತೆ. ಡೆನ್ಮಾರ್ಕಿನ ಪೌಲ್ಸೆನ್‌ರ ಕೆಂಟ್ ಕೂಡ ತಗ್ಗಾಗಿ ಹರಡೋ ಬಿಳಿ ಗುಲಾಬಿ. ಅಮೆರಿಕದ ವಿಲಿಯಂ ರಾಡ್ಲರ್ ಬೆಳೆಸಿದ ನಾಕ್ ಔಟ್ 2000ದಲ್ಲಿ ಮಾರ್ಕೆಟ್‌ಗೆ ಬಂದ್ಮೇಲೆ ತಾನೇ ಈ ಸುಲಭದ ಗುಲಾಬಿ ಅನ್ನೋ ಮಾತು ಎಲ್ಲ ಕಡೆ ಹಬ್ಬಿದ್ದು, ಅದರಲ್ಲೂ ಬಿಳಿ ಇದೆ, ಆದ್ರೆ ಎಸಳು ಕಮ್ಮಿ, ತುಂಬು ಹೂವು ಇಷ್ಟಪಡೋರಿಗೆ ಹಿಡಿಸಲ್ಲ.

ತುಂಬಾ ಚಳಿ, ಮರಳು ಮಣ್ಣು, ಸಮುದ್ರದ ಉಪ್ಪು ಗಾಳಿ ಇಂಥ ಕಡೆ ಆದ್ರೆ ರುಗೋಸಾ ಜಾತಿ. 1892ರ ಬ್ಲಾಂಕ್ ದೂಬ್ಲ್ ದ ಕೂಬೇರ್ ಈಗಲೂ ಬೆಳೀತಾರೆ, ಪರಿಮಳ ಬೇರೆ ಲೆವೆಲ್, ಆದ್ರೆ ಐದಡಿ ಹೋಗತ್ತೆ, ಮೈತುಂಬ ಮುಳ್ಳು. ಚಿಕ್ಕ ತೋಟಕ್ಕೆ ಯೋಚನೆ ಮಾಡಿ.

ತಳಿ ಹೆಸರೇ ಗೊತ್ತಾಗ್ತಿಲ್ಲ ಅಂದ್ರೆ ಒಂದು ಸುಲಭ ದಾರಿ ಇದೆ. ಲೇಬಲ್ ಮೇಲೆ ಎ.ಡಿ.ಆರ್. ಗುರುತು ಇದ್ಯಾ ನೋಡಿ. ಜರ್ಮನಿಯಲ್ಲಿ ಹೊಸ ಗುಲಾಬಿಗಳನ್ನ ಬೇರೆ ಬೇರೆ ತೋಟಗಳಲ್ಲಿ ಮೂರು ವರ್ಷ, ಔಷಧಿ ಹೊಡೀದೆ ಬೆಳೆಸಿ ನೋಡಿ ಕೊಡೋ ಗುರುತು ಅದು. ಫೋಟೋ ನೋಡಿ ತರೋದಕ್ಕಿಂತ ಅದು ಎಷ್ಟೋ ವಾಸಿ.

ಎಷ್ಟು ಬಿಸಿಲು ಬೇಕು?

ದಿನಕ್ಕೆ ಆರು ಗಂಟೆ ನೇರ ಬಿಸಿಲು. ನಾಲ್ಕು ಗಂಟೆ ಇದ್ರೂ ಗಿಡ ಬದುಕತ್ತೆ, ಹೂವು ಕಮ್ಮಿ ಆಗತ್ತೆ, ಕೊಂಬೆ ಬೆಳಕಿನ ಕಡೆ ಎಳೆದುಕೊಂಡು ಉದ್ದ ಆಗಿ ಪೊದೆ ಆಕಾರವೇ ಹೋಗತ್ತೆ. ಆಯ್ಕೆ ಇದ್ರೆ ಬೆಳಗಿನ ಬಿಸಿಲು ಬೀಳೋ ಜಾಗ ಹಿಡೀರಿ, ಯಾಕಂದ್ರೆ ರಾತ್ರಿ ಇಬ್ಬನಿ ಬೇಗ ಆರತ್ತೆ, ಎಲೆ ಒಣಗಿದ್ರೆ ಅರ್ಧ ರೋಗ ಇಲ್ಲ. ಸುಡು ಬೇಸಿಗೆ ಇರೋ ಕಡೆ ಮಧ್ಯಾಹ್ನ ಮೂರರ ಮೇಲೆ ಸ್ವಲ್ಪ ನೆರಳಾದ್ರೆ ತಪ್ಪೇನಿಲ್ಲ, ಬಿಳಿ ಎಸಳಿನ ಅಂಚು ಸುಟ್ಟು ಕಂದು ಆಗಿದ್ದು ಕೆಂಪು ಹೂವಿಗಿಂತ ಬೇಗ ಕಣ್ಣಿಗೆ ಬೀಳತ್ತೆ. ಗೋಡೆಗೆ ಅಂಟಿಸಿ ನೆಡಬೇಡಿ, ಗಾಳಿ ಆಡಲಿ. ದೊಡ್ಡ ಮರದ ಬುಡವೂ ಬೇಡ, ನೀರು ಗೊಬ್ಬರ ಎಲ್ಲ ಮರವೇ ಕುಡಿಯತ್ತೆ.

ಮಣ್ಣು ಹೇಗಿರಬೇಕು?

ನೀರು ನಿಲ್ಬಾರ್ದು, ಅದೇ ಮೊದಲನೇ ಮಾತು. ಒಂದಡಿ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಇನ್ನೊಂದ್ಸಲ ತುಂಬಿಸಿ ನೋಡಿ, ಗಂಟೆಗೆ ಒಂದು ಇಂಚಾದ್ರೂ ಇಳೀಬೇಕು. ಇಳೀದೆ ಕೆರೆ ಥರ ನಿಂತಿದ್ರೆ ಅಲ್ಲಿ ನೆಲದ ಮಟ್ಟಕ್ಕೆ ನೆಡೋದು ಬಿಟ್ಟು ಮುಕ್ಕಾಲು ಅಡಿ ಎತ್ತರದ ಮಣ್ಣಿನ ಏರಿ ಮಾಡಿ ನೆಡಿ. ಜೇಡಿ ಮಣ್ಣಾದ್ರೂ ಮರಳು ಮಣ್ಣಾದ್ರೂ ಪರಿಹಾರ ಒಂದೇ, ಚೆನ್ನಾಗಿ ಕಳಿತ ಕಾಂಪೋಸ್ಟ್. ಪಿ.ಎಚ್. (ಮಣ್ಣಿನ ಹುಳಿ-ಕ್ಷಾರದ ಅಳತೆ) 6ರಿಂದ 6.5 ಇದ್ರೆ ಗುಲಾಬಿಗೆ ತುಂಬಾ ಇಷ್ಟ, 7 ದಾಟಿ ಮೇಲೆ ಹೋದಂಗೆ ಕಬ್ಬಿಣದ ಅಂಶ ಮಣ್ಣಲ್ಲಿದ್ರೂ ಗಿಡಕ್ಕೆ ಸಿಗಲ್ಲ.

ನೆಡುವಾಗ ಕಸಿ ಗಂಟು ಮಣ್ಣಿನ ಒಳಗಾ ಹೊರಗಾ?

ಕಸಿ ಗಂಟು ಅಂದ್ರೆ ಬೇರೆ ಗುಲಾಬಿಯ ಬೇರಿನ ಮೇಲೆ (ಅದೇ ಬೇರುಗಿಡ) ನಿಮ್ಮ ತಳಿಯನ್ನ ಕೂಡಿಸಿದ ಜಾಗ. ಇದಕ್ಕೆ ಎಲ್ಲರೂ ಜಗಳ ಆಡ್ತಾರೆ, ಯಾಕಂದ್ರೆ ಇಬ್ಬರು ಹೇಳೋದೂ ಅವರವರ ಹವೆಗೆ ಸರಿ. ನೆಲ ಹೆಪ್ಪುಗಟ್ಟೋ ಚಳಿ ಇರೋ ಕಡೆ ಗಂಟನ್ನ ಮಣ್ಣಿಗಿಂತ ಎರಡು ಇಂಚು ಕೆಳಗೆ ಇಡ್ತಾರೆ, ಚಳಿಗೆ ಮೇಲಿನ ಕೊಂಬೆ ಸತ್ರೂ ಗಂಟು ಉಳಿಯಲಿ ಅಂತ. ಬೆಚ್ಚಗಿನ ಕಡೆ ಗಂಟು ಮಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಮೇಲೆ ಇರಲಿ, ಸದಾ ಒದ್ದೆ ಇದ್ರೆ ಅಲ್ಲಿ ಕೊಳೆಯತ್ತೆ. ಕಸಿ ಇಲ್ಲದ, ಸ್ವಂತ ಬೇರಿನ ಗಿಡ ಆದ್ರೆ ಈ ತಲೆನೋವೇ ಇಲ್ಲ, ಪಾಟಲ್ಲಿ ಯಾವ ಮಟ್ಟಕ್ಕೆ ಇತ್ತೋ ಅದೇ ಮಟ್ಟಕ್ಕೆ ನೆಡಿ. ಗುಂಡಿ ಬೇರಿನ ಉಂಡೆಯ ಎರಡರಷ್ಟು ಅಗಲ ಇದ್ರೆ ಸಾಕು, ಆಳ ಉಂಡೆಯಷ್ಟೇ. ಪಾಟಲ್ಲಿ ಬೇರು ಸುತ್ತಿಕೊಂಡು ಗಟ್ಟಿಯಾಗಿದ್ರೆ ಬೆರಳಲ್ಲಿ ಬಿಡಿಸಿ. ಮಣ್ಣಿಲ್ಲದ ಬರಿ ಬೇರಿನ ಗಿಡ ಬಂದಿದ್ರೆ ಕೆಲವು ಗಂಟೆ ನೀರಲ್ಲಿ ನೆನೆಸಿ ಆಮೇಲೆ ನೆಡಿ. ಮತ್ತೆ ದಯವಿಟ್ಟು ಗುಂಡಿಗೆ ರಾಸಾಯನಿಕ ಗೊಬ್ಬರ ಸುರೀಬೇಡಿ, ಎಳೇ ಬೇರು ಸುಡತ್ತೆ.

ಒಂದಕ್ಕೊಂದು ಎಷ್ಟು ದೂರ?

ಗಿಡದ ಪೂರ್ತಿ ಅಗಲ ಎಷ್ಟೋ ಅಷ್ಟು, ಅಂದ್ರೆ ಎರಡರಿಂದ ಮೂರಡಿ. ಬೇಲಿ ಥರ ಕೂಡ್ಕೋಬೇಕು ಅಂದ್ರೆ ಅರ್ಧ ಅಡಿ ಕಮ್ಮಿ ಮಾಡಿ, ಅದಕ್ಕಿಂತ ಹತ್ತಿರ ಬೇಡ.

ನೀರು ದಿನಾ ಹಾಕ್ಬೇಕಾ?

ನೆಲದಲ್ಲಿರೋ ಗಿಡಕ್ಕೆ ಬೇಡ. ಬೆರಳು ಎರಡು ಇಂಚು ಮಣ್ಣೊಳಗೆ ಇಳಿಸಿ ನೋಡಿ, ಒಣಗಿದ್ರೆ ಹಾಕಿ, ಹಾಕುವಾಗ ಚೆನ್ನಾಗಿ ಆಳಕ್ಕೆ ಇಳಿಯೋ ಹಾಗೆ ಹಾಕಿ, ಆಮೇಲೆ ಬಿಟ್ಬಿಡಿ. ದಿನಾ ಒಂದೊಂದು ಚೊಂಬು ಹಾಕಿದ್ರೆ ಬೇರು ಮೇಲೇ ಉಳ್ಕೊಂಡ್ಬಿಡತ್ತೆ, ಒಂದಿನ ನೀವಿಲ್ಲ ಅಂದ್ರೆ ಗಿಡ ಬಾಡತ್ತೆ. ನೀರು ಬುಡಕ್ಕೆ ಹಾಕಿ, ಎಲೆ ಮೇಲೆ ಬೇಡ, ಅದ್ರಲ್ಲೂ ಸಂಜೆ ಹೊತ್ತು ಪೈಪಲ್ಲಿ ಗಿಡಕ್ಕೆಲ್ಲ ಸ್ನಾನ ಮಾಡಿಸೋ ಅಭ್ಯಾಸ ಇದ್ರೆ ಇವತ್ತೇ ಬಿಡಿ. ಡ್ರಿಪ್ ಇದ್ರೆ ಇನ್ನೂ ಒಳ್ಳೇದು. ಬುಡದ ಸುತ್ತ ಎರಡು ಮೂರು ಇಂಚು ಒಣ ಎಲೆ, ತೊಗಟೆ ಚೂರು, ಹುಲ್ಲು ಏನಾದ್ರೂ ಹೊದಿಸಿದ್ರೆ ತೇವ ಉಳಿಯತ್ತೆ, ಕಳೆ ಕಮ್ಮಿ, ಮಳೆ ಹನಿ ಮಣ್ಣಿಗೆ ಬಡಿದು ಎಲೆಗೆ ಸಿಡಿಯೋದೂ ತಪ್ಪತ್ತೆ. ಕಾಂಡಕ್ಕೆ ತಾಗಿಸದೆ ಸ್ವಲ್ಪ ಜಾಗ ಬಿಟ್ಟು ಹೊದಿಸಿ.

ಗೊಬ್ಬರ ಏನು, ಎಷ್ಟು ಸಲ?

ಹೊಸ ಚಿಗುರು ಬರೋ ಕಾಲಕ್ಕೆ ಒಂದ್ಸಲ, ಮೊದಲ ದೊಡ್ಡ ಹೂಬಿಡೋದು ಮುಗಿದ್ಮೇಲೆ ಒಂದ್ಸಲ, ಸಾಕು. ಕಾಂಪೋಸ್ಟ್ ಎರಡು ಇಂಚು ಬುಡಕ್ಕೆ ಹರಡಿದ್ರೂ ಆಗತ್ತೆ, ನಿಧಾನಕ್ಕೆ ಕರಗೋ ಗುಲಾಬಿ ಗೊಬ್ಬರ ಇದ್ರೆ ಪ್ಯಾಕೆಟ್ ಮೇಲೆ ಹೇಳಿರೋದಕ್ಕಿಂತ ಜಾಸ್ತಿ ಹಾಕ್ಬೇಡಿ. ಸಾರಜನಕ ಜಾಸ್ತಿ ಆದ್ರೆ ಎಲೆ ದೊಡ್ಡದಾಗಿ ಕಡು ಹಸಿರಾಗಿ ಚೆಂದ ಕಾಣತ್ತೆ, ಆದ್ರೆ ಹೂವು ಇರಲ್ಲ, ಚಿಗುರು ಮೆತ್ತಗಿರತ್ತೆ, ಗಿಡದ ಹೇನಿಗೆ ಹಬ್ಬ. ಚಳಿ ಬರೋ ಊರಲ್ಲಿ ಮೊದಲ ಹಿಮ ಬೀಳೋಕೆ ಒಂದೂವರೆ ಎರಡು ತಿಂಗಳ ಮುಂಚೆಯೇ ಗೊಬ್ಬರ ನಿಲ್ಲಿಸಿ.

ಎಪ್ಸಮ್ ಸಾಲ್ಟ್, ಕಾಫಿ ಪುಡಿ, ಮೊಟ್ಟೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಹಾಕಿದ್ರೆ ಹೂವು ಜಾಸ್ತಿ ಬರತ್ತಂತೆ, ನಿಜಾನಾ?

ಎಪ್ಸಮ್ ಸಾಲ್ಟ್ ಅಂದ್ರೆ ಮೆಗ್ನೀಸಿಯಂ ಸಲ್ಫೇಟ್, ಮಣ್ಣಲ್ಲಿ ಮೆಗ್ನೀಸಿಯಂ ಕಮ್ಮಿ ಇದ್ರೆ ಕೆಲಸ ಮಾಡತ್ತೆ, ಇಲ್ಲಾಂದ್ರೆ ಸುಮ್ಮನೆ ಉಪ್ಪು ಸೇರಿಸಿದಂಗೆ. ಮೊಟ್ಟೆ ಸಿಪ್ಪೆ ಕರಗೋಕೆ ವರ್ಷಗಳೇ ಹಿಡಿಯತ್ತೆ. ಬಳಸಿದ ಕಾಫಿ ಪುಡಿ ದಪ್ಪಗೆ ಹಾಕಿದ್ರೆ ಮೇಲೆ ಗಟ್ಟಿ ಪದರ ಕಟ್ಟಿ ನೀರೇ ಇಳಿಯಲ್ಲ. ಬಾಳೆಹಣ್ಣಿನ ಸಿಪ್ಪೆಯಲ್ಲಿ ಪೊಟ್ಯಾಷ್ ಇದೆ ನಿಜ, ಅದನ್ನ ಹಾಗೇ ಬುಡಕ್ಕೆ ಹೂತರೆ ಇಲಿ ಇರುವೆ ಬರತ್ತೆ. ಎಲ್ಲಾನೂ ಕಾಂಪೋಸ್ಟ್ ಡಬ್ಬಕ್ಕೆ ಹಾಕಿ, ಕಳಿತ ಮೇಲೆ ಗಿಡಕ್ಕೆ ಕೊಡಿ, ಅಲ್ಲಿಗೆ ವಿಷಯ ಮುಗೀತು.

ಯಾವಾಗ ಕತ್ತರಿಸ್ಬೇಕು, ಎಷ್ಟು ಕತ್ತರಿಸ್ಬೇಕು? ಗಿಡ ಸತ್ತೋಗಲ್ವಾ?

ಕತ್ತರಿಸಿದ್ದಕ್ಕೆ ಸತ್ತ ಪೊದೆ ಗುಲಾಬಿ ಅಪರೂಪ, ಕತ್ತರಿಸದೆ ಒಳಗೊಳಗೇ ಒಣಗಿ ಹಾಳಾದ ಗಿಡಗಳೇ ಜಾಸ್ತಿ. ಚಳಿಗಾಲ ಇರೋ ಕಡೆ, ಚಳಿ ಮುಗಿಯೋ ಹೊತ್ತಿಗೆ ಕಣ್ಣುಗಳು (ಕೊಂಬೆ ಮೇಲೆ ಹೊಸ ಚಿಗುರು ಒಡೆಯೋ ಜಾಗ) ಉಬ್ಬೋಕೆ ಶುರುವಾದಾಗ. ಹಿಮ ಬೀಳದ, ವರ್ಷವಿಡೀ ಬೆಚ್ಚಗಿರೋ ಕಡೆ, ಮಳೆಗಾಲ ಪೂರ್ತಿ ಮುಗಿದು ಹವೆ ಸ್ವಲ್ಪ ತಂಪಾದಾಗ. ಜೋರು ಮಳೇಲಿ ಕತ್ತರಿಸಿದ್ರೆ ಕತ್ತರಿಸಿದ ತುದಿಯಿಂದ ಕಪ್ಪಾಗಿ ಕೆಳಗಡೆ ಒಣಗ್ತಾ ಬರತ್ತೆ, ಡೈಬ್ಯಾಕ್ ಅಂತಾರೆ.

ಹೈಬ್ರಿಡ್ ಟೀಗೆ ಮಾಡೋ ಹಾಗೆ ಮೂರು ನಾಲ್ಕು ಕಡ್ಡಿ ಮಾತ್ರ ಬಿಟ್ಟು ಬೋಳಿಸೋದು ಇಲ್ಲಿ ಬೇಡ. ಮೊದಲು ಸತ್ತದ್ದು, ಕಂದು ಬಣ್ಣಕ್ಕೆ ತಿರುಗಿದ್ದು, ಒಂದಕ್ಕೊಂದು ಉಜ್ಜಿಕೊಂಡಿರೋದು ತೆಗೀರಿ. ಆಮೇಲೆ ಇಡೀ ಪೊದೆಯ ಎತ್ತರದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ದುಂಡಗೆ ಇಳಿಸಿ. ಹೊರಗಡೆ ಮುಖ ಮಾಡಿರೋ ಕಣ್ಣಿನ ಮೇಲೆ ಕಾಲು ಇಂಚು ಬಿಟ್ಟು ಓರೆಯಾಗಿ ಕತ್ತರಿಸ್ಬೇಕು ಅಂತ ನಿಯಮ ಇದೆ, ಮಾಡಿದ್ರೆ ಒಳ್ಳೇದೇ, ಆದ್ರೆ ನೂರಾರು ಸಣ್ಣ ಕಡ್ಡಿ ಇರೋ ಪೊದೇಲಿ ಒಂದೊಂದಕ್ಕೂ ಕಣ್ಣು ಹುಡುಕ್ತಾ ಕೂರೋ ಅಗತ್ಯ ಇಲ್ಲ. ಬ್ರಿಟನ್ನಿನ ರಾಯಲ್ ನ್ಯಾಷನಲ್ ರೋಸ್ ಸೊಸೈಟಿ ಹಿಂದೆ ಹೆಡ್ಜ್ ಕಟರಲ್ಲಿ ಸುಮ್ಮನೆ ಸವರಿ ಬಿಟ್ಟ ಗಿಡಗಳನ್ನ ಹೋಲಿಸಿ ನೋಡಿದಾಗ ಅವೂ ಚೆನ್ನಾಗೇ ಹೂವು ಬಿಟ್ಟಿದ್ವು. ಮೂರ್ನಾಲ್ಕು ವರ್ಷ ಆದ ಗಿಡದಲ್ಲಿ ಪ್ರತಿ ವರ್ಷ ತೀರಾ ಹಳೇ ದಪ್ಪ ಕೊಂಬೆ ಒಂದೆರಡನ್ನ ಬುಡದಿಂದಲೇ ತೆಗೀತಾ ಬನ್ನಿ, ಹೊಸದು ಬರೋಕೆ ಜಾಗ ಆಗತ್ತೆ. ಕತ್ತರಿ ಹರಿತ ಇರಲಿ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್ ಒರೆಸ್ಕೊಳ್ಳಿ.

ಒಣಗಿದ ಹೂವು ತೆಗೀಲೇಬೇಕಾ?

ತೆಗೀದಿದ್ರೂ ಮತ್ತೆ ಹೂವು ಬರತ್ತೆ. ಡ್ರಿಫ್ಟ್, ನಾಕ್ ಔಟ್ ಥರದವು ಎಸಳನ್ನ ತಾವೇ ಉದುರಿಸ್ತಾವೆ. ಆದ್ರೆ ಬಿಳಿ ಅಲ್ವಾ, ಮಳೆಗೆ ಸಿಕ್ಕ ಹಳೇ ಹೂವು ಕಂದು ಬಣ್ಣಕ್ಕೆ ತಿರುಗಿ ಗೊಂಚಲಲ್ಲೇ ಅಂಟಿಕೊಂಡಿದ್ರೆ ಹೊಸ ಹೂವಿನ ಚೆಂದಾನೂ ಕೆಡಿಸತ್ತೆ, ಹಾಗಾಗಿ ನೋಟಕ್ಕೋಸ್ಕರ ಆಗಾಗ ಗೊಂಚಲು ಕತ್ತರಿಸಿ. ಒಂದು ಸುತ್ತು ಮುಗಿದು ಇನ್ನೊಂದು ಸುತ್ತು ಬರೋಕೆ ಸುಮಾರು ಐದಾರು ವಾರ, ಮಧ್ಯದಲ್ಲಿ ಖಾಲಿ ಕಂಡ್ರೆ ಗಾಬರಿ ಬೇಡ.

ಬಿಳಿ ಎಸಳಿನ ಮೇಲೆ ಗುಲಾಬಿ ಬಣ್ಣದ ಚುಕ್ಕೆ ಬರ್ತಿದೆ, ತಳಿ ಮೋಸ ಆಯ್ತಾ?

ಮೋಸ ಅಲ್ಲ. ಸಣ್ಣ ಸಣ್ಣ ಉಂಗುರದ ಥರ ಚುಕ್ಕೆ ಆದ್ರೆ ಬೊಟ್ರೈಟಿಸ್ ಅನ್ನೋ ಬೂಷ್ಟಿನ ಕೆಲಸ. ತಂಪು, ತೇವ, ಎಸಳು ಗಂಟೆಗಟ್ಟಲೆ ಒದ್ದೆ ಇದ್ದಾಗ ಬೂಷ್ಟಿನ ಬೀಜಕಣ ಎಸಳಿಗೆ ಚುಚ್ಚಿಕೊಳ್ಳತ್ತೆ, ಅದರ ಸುತ್ತ ಎಸಳು ಕೆಂಪು ಬಣ್ಣ ಉತ್ಪತ್ತಿ ಮಾಡತ್ತೆ. ಕೆಂಪು ಹೂವಲ್ಲಿ ಇದು ಕಾಣೋದೇ ಇಲ್ಲ, ಬಿಳಿಯಲ್ಲಿ ಎದ್ದು ಕಾಣತ್ತೆ, ಅದೇ ಬಿಳಿ ಗುಲಾಬಿಯ ಹಣೆಬರಹ. ಔಷಧಿ ಬೇಡ, ಬಾಡಿದ ಹೂವು ಗಿಡದಲ್ಲೂ ಬುಡದಲ್ಲೂ ಬಿಡದೆ ತೆಗೀರಿ, ಒಳಗಿನ ಕೊಂಬೆ ತೆಳು ಮಾಡಿ ಗಾಳಿ ಆಡೋ ಹಾಗೆ ಮಾಡಿ, ಹವೆ ಒಣಗಿದ ಮೇಲೆ ತಾನಾಗಿ ನಿಲ್ಲತ್ತೆ.

ಚುಕ್ಕೆ ಇಲ್ದೆ ಇಡೀ ಮೊಗ್ಗಿಗೆ ತೆಳು ಗುಲಾಬಿ ಛಾಯೆ ಇದ್ರೆ ಅದು ಚಳಿಯದ್ದು. ಐಸ್‌ಬರ್ಗ್‌ನಲ್ಲಿ ರಾತ್ರಿ ತಂಪಾದಾಗ ಇದು ಮಾಮೂಲಿ, ಬಿಸಿಲು ಬಂದ್ಮೇಲೆ ಬರೋ ಹೂವು ಮತ್ತೆ ಬಿಳಿಯೇ. ಕೆಲವು ತಳಿ ಅರಳುವಾಗ ಕೆನೆ ಬಣ್ಣ ಇದ್ದು ಆಮೇಲೆ ಬಿಳಿಯಾಗತ್ತೆ, ಅದೂ ಸಹಜ.

ಮೊಗ್ಗು ಬರತ್ತೆ, ಅರಳದೆ ಕಂದು ಆಗಿ ನಿಲ್ಲತ್ತೆ. ಯಾಕೆ?

ಎರಡು ಕಾರಣ. ಮಳೆ ನೀರಲ್ಲಿ ಹೊರಗಿನ ಎಸಳು ಅಂಟಿಕೊಂಡು ಆಮೇಲೆ ಬಿಸಿಲಿಗೆ ಗಟ್ಟಿಯಾಗಿ ಒಳಗಿನದನ್ನ ಬಿಡಿಸ್ಕೊಳ್ಳೋಕೆ ಬಿಡಲ್ಲ, ಇದು ಎಸಳು ತುಂಬಾ ಇರೋ ತಳೀಲಿ ಜಾಸ್ತಿ. ಇನ್ನೊಂದು ಥ್ರಿಪ್ಸ್. ಒಂದು ಮೊಗ್ಗು ಕಿತ್ತು ಬಿಳಿ ಹಾಳೆ ಮೇಲೆ ಬಿಡಿಸಿ ಕೊಡವಿ, ಕಂದು ಅಥವಾ ಹಳದಿ ಬಣ್ಣದ ಕೂದಲೆಳೆಯಷ್ಟು ಸಣ್ಣ ಹುಳ ಓಡಾಡಿದ್ರೆ ಅದೇ. ತಿಳಿ ಬಣ್ಣದ ಹೂವು ಅಂದ್ರೆ ಥ್ರಿಪ್ಸ್‌ಗೆ ಪ್ರಾಣ. ಎಸಳಿನ ಒಳಗೆ ಅಡಗಿರೋದ್ರಿಂದ ಸ್ಪ್ರೇ ತಲುಪೋದೇ ಇಲ್ಲ, ದುಡ್ಡು ದಂಡ, ಜೇನಿಗೂ ಕೇಡು. ಹಾಳಾದ ಮೊಗ್ಗು ಹೂವು ಎಲ್ಲ ಕತ್ತರಿಸಿ ಕವರಲ್ಲಿ ಕಟ್ಟಿ ಹೊರಗೆ ಹಾಕಿ, ಒಂದು ಸುತ್ತು ಹೂವು ತ್ಯಾಗ ಮಾಡಿದ್ರೂ ಪರವಾಗಿಲ್ಲ.

ಎಲೆ ಮೇಲೆ ಕಪ್ಪು ಚುಕ್ಕೆ, ಸುತ್ತ ಹಳದಿ, ಆಮೇಲೆ ಉದುರತ್ತೆ. ಏನು ಮಾಡ್ಲಿ?

ಇದು ಗುಲಾಬಿಯ ಹಳೇ ಶತ್ರು, ಡಿಪ್ಲೊಕಾರ್ಪಾನ್ ರೋಸೇ ಅನ್ನೋ ಶಿಲೀಂಧ್ರ. ಎಲೆ ಸುಮಾರು ಏಳು ಗಂಟೆ ಸತತವಾಗಿ ಒದ್ದೆ ಇದ್ರೆ ಸಾಕು, ಒಳಗೆ ಇಳಿಯತ್ತೆ, 18ರಿಂದ 24 ಡಿಗ್ರಿ ಹವೆ ಅದಕ್ಕೆ ಹೇಳಿ ಮಾಡಿಸಿದ್ದು. ಗಾಳೀಲಿ ಅಷ್ಟಾಗಿ ಹಾರಲ್ಲ, ಸಿಡಿಯೋ ನೀರಲ್ಲಿ ಕೆಳಗಿನ ಎಲೆಯಿಂದ ಮೇಲಿನ ಎಲೆಗೆ ಹತ್ತತ್ತೆ, ಅದಕ್ಕೇ ಯಾವಾಗ್ಲೂ ಕೆಳಗಿಂದ ಶುರುವಾಗೋದು. ಇಷ್ಟು ಗೊತ್ತಾದ್ರೆ ಏನು ಮಾಡ್ಬೇಕು ಅನ್ನೋದೂ ಗೊತ್ತಾಯ್ತು: ಎಲೆ ಒದ್ದೆ ಮಾಡ್ಬೇಡಿ, ಬಿದ್ದ ಎಲೆ ಗುಡಿಸಿ, ಚುಕ್ಕೆ ಬಂದ ಎಲೆ ಕೀಳಿ, ಬುಡಕ್ಕೆ ಹೊದಿಕೆ ಹಾಕಿ, ನೆಲಕ್ಕೆ ತಾಗೋ ಕೊಂಬೆ ತೆಗೀರಿ.

ಬೇವಿನ ಎಣ್ಣೆ, ಪೊಟ್ಯಾಸಿಯಂ ಬೈಕಾರ್ಬನೇಟ್, ಗಂಧಕ ಇವೆಲ್ಲ ಹೊಸ ಎಲೆಗೆ ರೋಗ ಹತ್ತದ ಹಾಗೆ ತಡೆಯೋಕೆ ಸ್ವಲ್ಪ ಸಹಾಯ ಮಾಡ್ತಾವೆ, ಆಗಲೇ ಬಂದ ಚುಕ್ಕೆ ಮಾಯ ಮಾಡಲ್ಲ. ಸುಡು ಬಿಸಿಲಲ್ಲಿ ಇವನ್ನ ಹೊಡೆದ್ರೆ ಎಲೆ ಸುಡತ್ತೆ, ಬೆಳಗ್ಗೆ ಬೇಗ ಹೊಡೀರಿ. ರುಗೋಸಾ ಜಾತಿಗೆ ಮಾತ್ರ ಯಾವ ಸ್ಪ್ರೇನೂ ಬೇಡ, ಅದರ ಎಲೆಗೆ ಔಷಧಿಯೇ ಆಗಲ್ಲ. ಮತ್ತೆ ಒಂದು ಮಾತು, ಗಟ್ಟಿ ತಳಿ ಆದ್ರೆ ಮಳೆಗಾಲದಲ್ಲಿ ಒಂದಿಷ್ಟು ಎಲೆ ಉದುರಿಸಿ ಮತ್ತೆ ತಾನೇ ಚಿಗುರತ್ತೆ, ಅದನ್ನ ನೋಡ್ಕೊಂಡು ಸುಮ್ಮನಿರೋದೂ ಒಂದು ಆರೈಕೆ. ಪ್ರತಿ ವರ್ಷ ಪೂರ್ತಿ ಬೋಳಾಗ್ತಿದ್ರೆ ಆ ತಳಿ ನಿಮ್ಮ ಹವೆಗಲ್ಲ, ಕಿತ್ತು ಬೇರೆ ಹಾಕಿ. ಔಷಧಿ ಹೊಡೆದು ಉಳಿಸ್ಕೊಳ್ಳೋ ಗಿಡಾನ ಸುಲಭದ ಗಿಡ ಅನ್ನೋಕಾಗಲ್ಲ.

ಚಿಗುರಿನ ಮೇಲೆ ಬಿಳಿ ಪುಡಿ ಚೆಲ್ಲಿದಂಗಿದೆ?

ಬೂದಿ ರೋಗ. ಹಗಲು ಬೆಚ್ಚಗೆ, ರಾತ್ರಿ ತಂಪು, ಗಾಳೀಲಿ ತೇವ ಇದ್ರೆ ಬರತ್ತೆ, ಇದಕ್ಕೆ ಎಲೆ ಒದ್ದೆ ಆಗ್ಬೇಕು ಅಂತೇನಿಲ್ಲ. ಹತ್ತಿದ ತುದಿ ಕತ್ತರಿಸಿ, ಗಿಡದ ಮಧ್ಯ ತೆಳು ಮಾಡಿ, ಸಾರಜನಕ ನಿಲ್ಲಿಸಿ. ಬುಡ ಒಣಗಿ ಗಿಡ ಬಾಯಾರಿದ್ರೆ ಇನ್ನೂ ಜಾಸ್ತಿ ಆಗತ್ತೆ.

ಹೇನು, ಕೆಂಪು ನುಸಿ?

ಹೇನು ಬಂದ್ರೆ ಪೈಪಿನ ನೀರು ಜೋರಾಗಿ ಬಿಟ್ಟು ತೊಳೀರಿ, ಎರಡು ಮೂರು ದಿನ ಬಿಟ್ಟು ಮತ್ತೆ. ಮೊದಲು ಎಲೆ ಒದ್ದೆ ಬೇಡ ಅಂದ್ರಲ್ಲ ಅಂತ ಕೇಳ್ಬಹುದು, ಬೆಳಗ್ಗೆ ಮಾಡಿದ್ರೆ ಬಿಸಿಲಿಗೆ ಬೇಗ ಆರತ್ತೆ, ತೊಂದರೆ ಇಲ್ಲ. ಸ್ವಲ್ಪ ದಿನ ಕಾದ್ರೆ ಗುಲಗಂಜಿ ಹುಳ ಬಂದು ತಿಂದು ಹಾಕತ್ತೆ, ವಿಷ ಹೊಡೆದ್ರೆ ಮೊದಲು ಸಾಯೋದು ಅದೇ. ಕೆಂಪು ನುಸಿ ಒಣ ಬೇಸಿಗೇಲಿ ಬರೋದು, ಎಲೆ ಮಂಕಾಗಿ ಸಣ್ಣ ಚುಕ್ಕೆ ಚುಕ್ಕೆ ಆಗತ್ತೆ, ತಿರುಗಿಸಿ ನೋಡಿದ್ರೆ ತೆಳು ಬಲೆ. ಎಲೆಯ ಕೆಳಭಾಗಕ್ಕೆ ನೀರು ಹೊಡೀರಿ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು?

ಕಬ್ಬಿಣದ ಕೊರತೆ, ಹೆಚ್ಚಿನ ಸಲ ಮಣ್ಣಿನ ಪಿ.ಎಚ್. ಜಾಸ್ತಿ ಇರೋದೇ ಕಾರಣ. ಚಿಲೇಟೆಡ್ ಐರನ್ (ಗಿಡ ಸುಲಭವಾಗಿ ಹೀರ್ಕೊಳ್ಳೋ ರೂಪದ ಕಬ್ಬಿಣ) ತಾತ್ಕಾಲಿಕ ಪರಿಹಾರ, ಪಿ.ಎಚ್. ಇಳಿಸೋಕೆ ಗಂಧಕ ಸ್ವಲ್ಪ ಸ್ವಲ್ಪ. ಕೆಳಗಿನ ಹಳೇ ಎಲೆ ಮಾತ್ರ ಒಂದೊಂದಾಗಿ ಹಳದಿ ಆಗಿ ಬೀಳ್ತಿದ್ರೆ ವಯಸ್ಸಾಗಿದೆ ಅಷ್ಟೇ. ಇಡೀ ಗಿಡ ಹಳದಿ, ಮಣ್ಣು ಒದ್ದೆ ಅಂದ್ರೆ ಬೇರು ಉಸಿರಾಡ್ತಿಲ್ಲ, ನೀರು ನಿಲ್ಲಿಸಿ.

ಪಾಟಲ್ಲಿ ಬೆಳೀಬಹುದಾ?

ಧಾರಾಳವಾಗಿ, ಬಾಲ್ಕನಿ ಟೆರೇಸ್ ಇರೋರಿಗೆ ಈ ಚಿಕ್ಕ ತಳಿಗಳೇ ಸರಿ. ಪಾಟ್ ಕನಿಷ್ಠ 14 ಇಂಚು ಅಗಲ, ಅಷ್ಟೇ ಆಳ. ಕೆಳಗೆ ತೂತು ಇರಲೇಬೇಕು. ತಳಕ್ಕೆ ಜಲ್ಲಿಕಲ್ಲು ಹಾಕಿದ್ರೆ ನೀರು ಚೆನ್ನಾಗಿ ಹೋಗತ್ತೆ ಅನ್ನೋದು ಹಳೇ ನಂಬಿಕೆ, ಹಾಗೇನಿಲ್ಲ, ಜಲ್ಲಿಯ ಮೇಲಿನ ಮಣ್ಣು ಪೂರ್ತಿ ನೆನೆಯೋವರೆಗೆ ನೀರು ಕೆಳಗೆ ಇಳಿಯೋದೇ ಇಲ್ಲ, ಬೇರಿಗೆ ಸಿಗೋ ಜಾಗ ಬೇರೆ ಕಮ್ಮಿ ಆಗತ್ತೆ. ಬರೀ ತೋಟದ ಮಣ್ಣು ತುಂಬಿಸಿದ್ರೆ ಗಟ್ಟಿಯಾಗತ್ತೆ, ಕಾಂಪೋಸ್ಟ್, ಕೋಕೋಪೀಟ್, ಒಂದಿಷ್ಟು ದಪ್ಪ ಮರಳು ಅಥವಾ ಪರ್ಲೈಟ್ ಸೇರಿಸಿ. ತಟ್ಟೇಲಿ ನಿಂತ ನೀರು ಚೆಲ್ಲಿ. ಪಾಟಿನ ಗಿಡಕ್ಕೆ ಬೇಸಿಗೇಲಿ ದಿನಾ ನೀರು ಬೇಕಾಗ್ಬಹುದು, ಗೊಬ್ಬರವೂ ನೀರಿನ ಜೊತೆ ಕೊಚ್ಚಿ ಹೋಗೋದ್ರಿಂದ ಕಮ್ಮಿ ಪ್ರಮಾಣದಲ್ಲಿ ಸ್ವಲ್ಪ ಹೆಚ್ಚು ಸಲ ಕೊಡ್ಬೇಕು. ಎರಡು ಮೂರು ವರ್ಷಕ್ಕೊಮ್ಮೆ ಗಿಡ ಹೊರಗೆ ತೆಗೆದು, ಸುತ್ತಿದ ಬೇರು ಸ್ವಲ್ಪ ಕತ್ತರಿಸಿ, ಹೊಸ ಮಿಶ್ರಣ ಹಾಕಿ. ಕಪ್ಪು ಪ್ಲಾಸ್ಟಿಕ್ ಪಾಟ್ ಬಿಸಿಲಿಗೆ ಕಾದು ಬೇರು ಬೇಯತ್ತೆ, ತಿಳಿ ಬಣ್ಣದ್ದು ತಗೊಳ್ಳಿ.

ಬಿಳಿ ಗಿಡದಲ್ಲಿ ಇದ್ದಕ್ಕಿದ್ದಂಗೆ ಕೆಂಪು ಹೂವು ಬಂತು!

ಕಸಿ ಗಂಟಿನ ಕೆಳಗಿಂದ ಬೇರುಗಿಡದ ಚಿಗುರು ಎದ್ದಿದೆ. ಡಾಕ್ಟರ್ ಹ್ಯೂಯಿ ಅನ್ನೋ ಬೇರುಗಿಡ ಆದ್ರೆ ಕಡು ಕೆಂಪು ಹೂವು. ಈ ಕಳ್ಳ ಚಿಗುರು ಜೋರಾಗಿ ಉದ್ದಕ್ಕೆ ಹೋಗತ್ತೆ, ಎಲೆಯ ಬಣ್ಣ ಆಕಾರ ಬೇರೆ ಇರತ್ತೆ. ಒಂದು ತೊಟ್ಟಲ್ಲಿ ಏಳು ಎಲೆ ಇದ್ರೆ ಕಾಡು, ಐದಿದ್ರೆ ಒಳ್ಳೇದು ಅನ್ನೋ ಲೆಕ್ಕ ನಂಬ್ಬೇಡಿ, ಎಷ್ಟೋ ಪೊದೆ ಗುಲಾಬಿಗೆ ಏಳು ಎಲೆ ಇರೋದೇ ಸಹಜ. ಮಣ್ಣು ಸರಿಸಿ ಅದು ಎಲ್ಲಿಂದ ಹೊರಟಿದೆ ನೋಡಿ, ಗಂಟಿನ ಕೆಳಗಿಂದ ಆದ್ರೆ ಬುಡದಿಂದಲೇ ಕಿತ್ತು ಎಳೀರಿ, ಮೇಲಿಂದ ಕತ್ತರಿಸಿದ್ರೆ ಒಂದರ ಜಾಗದಲ್ಲಿ ನಾಲ್ಕು ಬರತ್ತೆ. ಗಂಟಿನ ಮೇಲಿನ ಕೊಂಬೇಲೇ ಬೇರೆ ಬಣ್ಣ ಬಂದಿದ್ರೆ ಅದು ರೂಪಾಂತರ, ಬೇಕಿದ್ರೆ ಇಟ್ಕೊಳ್ಳಿ, ಬರ್ಗಂಡಿ ಐಸ್‌ಬರ್ಗ್ ಹುಟ್ಟಿದ್ದೂ ಇಂಥ ರೂಪಾಂತರಗಳಿಂದಲೇ.

ಕಡ್ಡಿ ನೆಟ್ಟು ಇನ್ನೊಂದು ಗಿಡ ಮಾಡ್ಬಹುದಾ?

ಪೊದೆ ಗುಲಾಬಿ ಕಡ್ಡಿಯಿಂದ ಚೆನ್ನಾಗೇ ಬೇರು ಬಿಡತ್ತೆ. ಈಗಷ್ಟೇ ಹೂವು ಮುಗಿಸಿದ, ಪೆನ್ಸಿಲ್‌ಗಿಂತ ಸ್ವಲ್ಪ ತೆಳು ಕಡ್ಡಿ, ಅರ್ಧ ಅಡಿ ಉದ್ದ, ಮೇಲೆ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದು, ಕೆಳತುದಿ ಕಣ್ಣಿನ ಕೆಳಗೇ ಕತ್ತರಿಸಿ, ಬೇರು ಬರಿಸೋ ಪುಡಿ ಹಚ್ಚಿ ಒದ್ದೆ ಮರಳು ಕೋಕೋಪೀಟ್‌ಗೆ ಚುಚ್ಚಿ, ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸಿ ನೆರಳಲ್ಲಿ ಇಡಿ. ನಾಲ್ಕರಿಂದ ಎಂಟು ವಾರ. ಮೆಲ್ಲಗೆ ಎಳೆದಾಗ ಹಿಡ್ಕೊಂಡಿದ್ರೆ ಬೇರು ಬಂದಿದೆ, ದಿನಾ ಕಿತ್ತು ನೋಡ್ಬೇಡಿ. ಒಂದೇ ಎಚ್ಚರಿಕೆ, ಹೊಸ ತಳಿಗಳಿಗೆ ಪೇಟೆಂಟ್ ಅಥವಾ ತಳಿ ಹಕ್ಕು ಇರತ್ತೆ, ಅವಧಿ ಮುಗಿಯೋವರೆಗೆ ಅನುಮತಿ ಇಲ್ದೆ ಮರಿ ಮಾಡೋ ಹಾಗಿಲ್ಲ. ಐಸ್‌ಬರ್ಗ್ ಹಳೇದಾದ್ರಿಂದ ಆ ಕಟ್ಟುಪಾಡಿಲ್ಲ.

ಪರಿಮಳ ಇರತ್ತಾ?

ಹೆಚ್ಚಿನದಕ್ಕೆ ತೆಳು, ಕೆಲವಕ್ಕೆ ಇಲ್ಲವೇ ಇಲ್ಲ. ಪರಿಮಳವೇ ಮುಖ್ಯ ಅಂದ್ರೆ ರುಗೋಸಾ.

ಗಿಡ ಹಸಿರಾಗಿದೆ, ಹೂವೇ ಇಲ್ಲ?

ಬಿಸಿಲು ಎಷ್ಟು ಬೀಳತ್ತೆ ಅಂತ ಗಡಿಯಾರ ಇಟ್ಕೊಂಡು ನೋಡಿ, ಮನಸ್ಸಿಗೆ ಆರು ಗಂಟೆ ಅನ್ಸಿದ್ದು ಲೆಕ್ಕ ಹಾಕಿದ್ರೆ ಮೂರೇ ಇರತ್ತೆ. ಆಮೇಲೆ ಪಕ್ಕದ ಹುಲ್ಲಿಗೆ ಹಾಕಿದ ಸಾರಜನಕದ ಗೊಬ್ಬರ ಇದರ ಬೇರಿಗೂ ಸಿಗ್ತಿದ್ಯಾ ನೋಡಿ. ಈ ವರ್ಷ ನೆಟ್ಟದ್ದು ಅಂದ್ರೆ ಸುಮ್ಮನೆ ಕಾಯಿರಿ.

ಹಳೇ ಗುಲಾಬಿ ಸತ್ತ ಜಾಗದಲ್ಲೇ ಹೊಸದು ನೆಡಬಹುದಾ?

ಬೇಡ. ಗುಲಾಬಿ ತುಂಬಾ ವರ್ಷ ಇದ್ದ ಮಣ್ಣಲ್ಲಿ ಹೊಸ ಗುಲಾಬಿ ಏಳಲ್ಲ, ಕುಂಟ್ತಾ ಇರತ್ತೆ, ಮಣ್ಣಲ್ಲಿ ಸೇರ್ಕೊಂಡಿರೋ ಜಂತುಹುಳ, ಶಿಲೀಂಧ್ರ ಎಲ್ಲ ಎಳೇ ಬೇರಿನ ಮೇಲೆ ಬೀಳ್ತಾವೆ. ಬೇರೆ ದಾರಿ ಇಲ್ಲ ಅಂದ್ರೆ ಎರಡಡಿ ಅಗಲ ಒಂದೂವರೆ ಅಡಿ ಆಳ ಮಣ್ಣು ತೆಗೆದು, ಗುಲಾಬಿ ಬೆಳೆಯದ ಕಡೆಯಿಂದ ಮಣ್ಣು ತಂದು ತುಂಬಿಸಿ ನೆಡಿ. ತೆಗೆದ ಮಣ್ಣು ತರಕಾರಿ ಪಾತಿಗೆ ಹಾಕಿ, ಅಲ್ಲಿ ಏನೂ ತೊಂದರೆ ಇಲ್ಲ.